ಸದನದಲ್ಲಿ ಯಾರೂ ಎದ್ದು ಕೇಳದ ಪ್ರಶ್ನೆಗೆ ಸಚಿವರು ಹೊಣೆಯೇ?

ಓದುಗರ ಪ್ರಶ್ನೆ: ಸದನದ ಕಲಾಪವನ್ನು ಟಿವಿಯಲ್ಲಿ ನೋಡುತ್ತೇನೆ. ಕೂಗಾಟ, ಸಭಾತ್ಯಾಗ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಮರುದಿನ ಪೇಪರಿನಲ್ಲಿ ‘ಸಚಿವರು ಲಿಖಿತ ಉತ್ತರದಲ್ಲಿ ತಿಳಿಸಿದ್ದಾರೆ’ ಎಂಬ ಸಣ್ಣ ಸುದ್ದಿ ಇರುತ್ತದೆ. ಸದಸ್ಯರು ಎದ್ದು ಕೇಳಿಲ್ಲ, ಸಚಿವರು ಎದ್ದು ಹೇಳಿಲ್ಲ, ಉತ್ತರ ಬರೆದವರೂ ಅಧಿಕಾರಿಗಳೇ. ಇದರಿಂದ ಸಚಿವರಿಗೆ ನಿಜವಾಗಿ ಬಿಸಿ ಮುಟ್ಟುತ್ತದೆಯೇ? ಅಥವಾ ಸುಮ್ನೆ ಕಾಗದದ ಶಾಸ್ತ್ರವೇ?

ಉತ್ತರ: ಬಿಸಿ ಮುಟ್ಟುತ್ತದೆ. ಆದರೆ ಉತ್ತರ ಬಂದ ದಿನವೇ ಮುಟ್ಟುವುದು ಅಪರೂಪ. ಲಿಖಿತ ಉತ್ತರದ ಬಲ ಇರುವುದು ಅದನ್ನು ಮುಂದೆ ಯಾರು, ಹೇಗೆ ಬಳಸುತ್ತಾರೆ ಎನ್ನುವುದರಲ್ಲಿ. ಪ್ರಶ್ನೆ ಕೇಳಿ ಮರೆತುಬಿಡುವ ಸದಸ್ಯರಿಗೆ ಅದು ಬರೀ ಕಾಗದ. ಉತ್ತರವನ್ನು ಇಟ್ಟುಕೊಂಡು ಅದರ ಮೇಲೆ ಮುಂದಿನ ಪ್ರಶ್ನೆ ಕಟ್ಟುವವರಿಗೆ ಅದಕ್ಕಿಂತ ಒಳ್ಳೆಯ ಸಾಧನ ಸದನದಲ್ಲಿ ಇನ್ನೊಂದಿಲ್ಲ.

ಮೊದಲು ಲೆಕ್ಕ ನೋಡಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಇವಕ್ಕೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರ ಕೊಡಬೇಕು, ಆಮೇಲೆ ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು 230. ಇವಕ್ಕೆ ಬರಹದಲ್ಲಿ ಮಾತ್ರ ಉತ್ತರ. ರಾಜ್ಯಸಭೆಯಲ್ಲಿ ಈ ಸಂಖ್ಯೆ 15 ಮತ್ತು 160. ಆ 20 ರಲ್ಲೂ ಒಂದು ಗಂಟೆಯೊಳಗೆ ಸರದಿ ಬರುವುದು ಬೆರಳೆಣಿಕೆಯಷ್ಟಕ್ಕೆ. ಗದ್ದಲ ಎದ್ದು ಕಲಾಪ ಮುಂದಕ್ಕೆ ಹೋದರೆ ಅದೂ ಇಲ್ಲ. ಸರದಿ ಬಾರದ ಚುಕ್ಕೆ ಪ್ರಶ್ನೆಗಳ ಉತ್ತರವನ್ನೂ ಲಿಖಿತ ಉತ್ತರವೆಂದೇ ದಾಖಲೆಗೆ ಸೇರಿಸುತ್ತಾರೆ. ಅಂದರೆ ನೀವು ಟಿವಿಯಲ್ಲಿ ಕಾಣುವುದು ಪ್ರಶ್ನೋತ್ತರದ ಒಂದು ಚೂರು ಮಾತ್ರ. ಗದ್ದಲದಿಂದ ಕಲಾಪ ನಡೆಯದ ದಿನವೂ ಸದನದ ಮೇಜಿನ ಮೇಲೆ ನೂರಾರು ಉತ್ತರಗಳು ಬಂದು ಕೂತಿರುತ್ತವೆ. 2020ರ ಸೆಪ್ಟೆಂಬರಿನ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟರು. ಆಗ ಉಳಿದದ್ದು ಲಿಖಿತ ಪ್ರಶ್ನೆಗಳಷ್ಟೇ.

ಅಧಿಕಾರಿಗಳು ಬರೆದದ್ದಕ್ಕೆ ಸಚಿವರು ಹೊಣೆಯೇ ಅಂತ ಕೇಳಿದ್ದೀರಿ. ಹೌದು, ಪೂರ್ತಿ ಹೊಣೆ. ಪ್ರಶ್ನೆಯೊಂದು ಸದನದ ಸಚಿವಾಲಯದಲ್ಲಿ ಅಂಗೀಕಾರವಾಗಿ ಇಲಾಖೆಗೆ ಬಂತು ಅನ್ನಿ. ಕೆಳಗಿನ ಕಚೇರಿಗಳಿಂದ ಅಂಕಿಅಂಶ ತರಿಸುತ್ತಾರೆ, ಶಾಖೆಯಲ್ಲಿ ಕರಡು ತಯಾರಾಗುತ್ತದೆ, ಅದು ಮೇಲಧಿಕಾರಿಗಳ ಮೇಜುಗಳನ್ನು ದಾಟಿ ಸಚಿವರ ಒಪ್ಪಿಗೆಗೆ ಹೋಗುತ್ತದೆ. ಒಪ್ಪಿಗೆ ಬಿದ್ದ ಮೇಲೆ ಅದು ಸಚಿವರ ಮಾತು. ‘ನನ್ನ ಅಧಿಕಾರಿ ತಪ್ಪು ಮಾಹಿತಿ ಕೊಟ್ಟರು’ ಎನ್ನುವುದು ಸದನದ ಮುಂದೆ ನಿಲ್ಲುವ ಸಬೂಬಲ್ಲ. ಸಂವಿಧಾನದ 75ನೇ ವಿಧಿ ಮಂತ್ರಿಮಂಡಲವನ್ನು ಲೋಕಸಭೆಗೆ ಸಾಮೂಹಿಕವಾಗಿ ಹೊಣೆ ಮಾಡಿದೆ. ಆ ಹೊಣೆ ದಿನನಿತ್ಯ ಕಣ್ಣಿಗೆ ಕಾಣುವುದು ಇಂಥ ಉತ್ತರಗಳಲ್ಲೇ. ಉತ್ತರ ತಪ್ಪಾಗಿದ್ದರೆ ಸಚಿವರೇ ಸದನಕ್ಕೆ ತಿದ್ದುಪಡಿ ಹೇಳಿಕೆ ಕೊಡಬೇಕು. ಅವರು ಸುಮ್ಮನಿದ್ದರೆ, ತಪ್ಪನ್ನು ಎತ್ತಿ ತೋರಿಸಲು ಲೋಕಸಭಾಧ್ಯಕ್ಷರ ನಿರ್ದೇಶನ 115 ಸದಸ್ಯರಿಗೆ ದಾರಿ ಕೊಡುತ್ತದೆ. ಗೊತ್ತಿದ್ದೂ ಸದನದ ದಾರಿ ತಪ್ಪಿಸಿದರೆ ಅದು ಹಕ್ಕುಚ್ಯುತಿ, ಅಂದರೆ ಸದನದ ವಿಶೇಷ ಹಕ್ಕಿಗೆ ಧಕ್ಕೆ.

ಈ ಕೆಲಸದ ನಡುವೆಯೇ ಇನ್ನೊಂದು ಸಂಗತಿ ನಡೆಯುತ್ತದೆ. ಅದು ಸುದ್ದಿಯಾಗುವುದಿಲ್ಲ. ‘ಎಷ್ಟು ಅರ್ಜಿ ಬಾಕಿ ಇದೆ, ಯಾವಾಗಿನಿಂದ?’ ಎಂಬ ಪ್ರಶ್ನೆ ದೆಹಲಿಯಿಂದ ಕೆಳಗಿನ ಕಚೇರಿಗೆ ಇಳಿದಾಗ, ಅದುವರೆಗೆ ಯಾರೂ ಎಣಿಸದಿದ್ದದ್ದನ್ನು ಯಾರೋ ಕೂತು ಎಣಿಸಬೇಕಾಗುತ್ತದೆ. ಮೇಲಧಿಕಾರಿಗೆ ಆ ಸಂಖ್ಯೆ ಮೊದಲ ಸಲ ಕಾಣುವುದೂ ಆಗಲೇ ಇರಬಹುದು. ಸಂಖ್ಯೆ ಮುಜುಗರ ತರುವಂತಿದ್ದರೆ, ಉತ್ತರದ ದಿನಕ್ಕೆ ಮುಂಚೆ ಒಂದಷ್ಟು ಕಡತಗಳಾದರೂ ಓಡಾಡುತ್ತವೆ. ನನ್ನ ಮಟ್ಟಿಗೆ ಲಿಖಿತ ಪ್ರಶ್ನೆಯ ಅರ್ಧ ಫಲ ಇಲ್ಲೇ ಇದೆ.

ಇನ್ನು ಪ್ರಶ್ನೆ ಬರೆಯುವ ಕಸುಬಿಗೆ ಬರೋಣ. ನಿಜವಾದ ವ್ಯತ್ಯಾಸ ಆಗುವುದು ಇಲ್ಲಿ.

ನಿಯಮಗಳು ಬಿಗಿಯಾಗಿವೆ. ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು. ಒಂದು ಪ್ರಶ್ನೆ 150 ಪದ ಮೀರಬಾರದು. ವಾದ, ಆರೋಪ, ವ್ಯಂಗ್ಯ, ಊಹೆ ಇರಬಾರದು. ನ್ಯಾಯಾಲಯದ ಮುಂದಿರುವ ವಿಷಯ ಬೇಡ. ಸುಲಭವಾಗಿ ಸಿಗುವ ದಾಖಲೆಯಲ್ಲಿರುವ ಮಾಹಿತಿಯನ್ನೂ ಕೇಳುವ ಹಾಗಿಲ್ಲ. ಲೋಕಸಭೆಯಲ್ಲಿ ಒಬ್ಬ ಸದಸ್ಯರ ಹೆಸರಿನಲ್ಲಿ ದಿನಕ್ಕೆ ಐದಕ್ಕಿಂತ ಜಾಸ್ತಿ ಪ್ರಶ್ನೆ ಬರುವುದಿಲ್ಲ, ಅದರಲ್ಲಿ ಚುಕ್ಕೆಯದ್ದು ಒಂದೇ. ಯಾರ ನೋಟಿಸ್ ಮೇಲೆ ಬರಬೇಕು ಎನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಹೀಗಿರುವಾಗ ಸಿಕ್ಕ ಒಂದು ಪ್ರಶ್ನೆಯನ್ನು ಹಾಳು ಮಾಡಿಕೊಳ್ಳುವುದು ದೊಡ್ಡ ನಷ್ಟ.

ಹಾಳು ಮಾಡಿಕೊಳ್ಳುವ ದಾರಿ ಬಹಳ ಸುಲಭ. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ವಿದ್ಯಾರ್ಥಿವೇತನ ತಡವಾಗುತ್ತಿದೆ ಅಂತ ಸದಸ್ಯರಿಗೆ ದೂರು ಬಂದಿದೆ. ಅವರು ಹೀಗೆ ಬರೆಯುತ್ತಾರೆ: (ಅ) ವಿದ್ಯಾರ್ಥಿವೇತನ ಸಕಾಲಕ್ಕೆ ಸಿಗದೆ ವಿದ್ಯಾರ್ಥಿಗಳು ತೊಂದರೆಗೆ ಒಳಗಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು? ಇದಕ್ಕೆ ಉತ್ತರ ಎರಡೇ ಸಾಲು. (ಅ) ಬಂದಿಲ್ಲ. (ಆ) ಉದ್ಭವಿಸುವುದಿಲ್ಲ. ಇಲಾಖೆ ಸುಳ್ಳು ಹೇಳಿದ ಹಾಗೂ ಆಗಲಿಲ್ಲ. ದೂರು ಬರಹದಲ್ಲಿ ಬಂದಿಲ್ಲದಿದ್ದರೆ ‘ಗಮನಕ್ಕೆ ಬಂದಿಲ್ಲ’ ಎನ್ನುವುದು ತಾಂತ್ರಿಕವಾಗಿ ಸರಿಯೇ. ಎರಡನೇ ಭಾಗವನ್ನು ಮೊದಲನೆಯದಕ್ಕೆ ಕಟ್ಟಿಹಾಕಿದ್ದರಿಂದ ಒಂದೇ ‘ಇಲ್ಲ’ದಿಂದ ಇಡೀ ಪ್ರಶ್ನೆ ಬಿದ್ದುಹೋಯಿತು.

ಅದೇ ಸದಸ್ಯರು ಹೀಗೆ ಕೇಳಿದ್ದರೆ? (ಅ) ಕಳೆದ ಮೂರು ವರ್ಷಗಳಲ್ಲಿ ಈ ಯೋಜನೆಯಡಿ ಬಂದ ಅರ್ಜಿಗಳೆಷ್ಟು, ಮಂಜೂರಾದವೆಷ್ಟು, ಹಣ ಪಾವತಿಯಾದವೆಷ್ಟು, ವರ್ಷವಾರು ಮತ್ತು ರಾಜ್ಯವಾರು ವಿವರ. (ಆ) ಮಂಜೂರಾಗಿ ಆರು ತಿಂಗಳು ಕಳೆದರೂ ಹಣ ಪಾವತಿಯಾಗದ ಅರ್ಜಿಗಳೆಷ್ಟು. (ಇ) ಪ್ರತಿ ವರ್ಷ ಇಲಾಖೆ ಹಣ ಬಿಡುಗಡೆ ಮಾಡಿದ ದಿನಾಂಕಗಳೇನು? ಇಲ್ಲಿ ತೊಂದರೆ ಎಂಬ ಮಾತೇ ಇಲ್ಲ, ಆರೋಪವೂ ಇಲ್ಲ. ಆದರೆ ‘ಉದ್ಭವಿಸುವುದಿಲ್ಲ’ ಅಂತ ಹೇಳಲು ಜಾಗವೂ ಇಲ್ಲ. ಪ್ರತಿ ಭಾಗ ತನ್ನ ಕಾಲ ಮೇಲೆ ನಿಂತಿದೆ. ಬಿಡುಗಡೆಯ ದಿನಾಂಕ ಒಂದು ಬಂದರೆ ಸಾಕು, ತಡ ಎಲ್ಲಾಯಿತು ಎನ್ನುವುದು ತಾನಾಗಿ ಬಯಲಾಗುತ್ತದೆ. ಅಂಕಿ ಕೊಡದಿದ್ದರೆ ಇಲಾಖೆ ತನ್ನ ಯೋಜನೆಯ ಲೆಕ್ಕವನ್ನೇ ಇಟ್ಟಿಲ್ಲ ಅಂತ ಒಪ್ಪಿಕೊಂಡ ಹಾಗೆ. ಒಳ್ಳೆಯ ಪ್ರಶ್ನೆಯ ಗುರುತು ಇದು: ಉತ್ತರ ಕೊಟ್ಟರೂ ಮಾಹಿತಿ, ಕೊಡದಿದ್ದರೂ ಮಾಹಿತಿ.

ಇದನ್ನು ನಿಜದ ಘಟನೆಯಲ್ಲಿ ನೋಡಬೇಕೆಂದರೆ 2020ರ ಸೆಪ್ಟೆಂಬರಿಗೇ ಹೋಗಬೇಕು. ಲಾಕ್‌ಡೌನ್ ವೇಳೆ ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಮಂದಿ ಸತ್ತರು, ಅವರ ಕುಟುಂಬಗಳಿಗೆ ಪರಿಹಾರ ಕೊಡಲಾಗಿದೆಯೇ ಅಂತ ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಬಂತು. ಸೆಪ್ಟೆಂಬರ್ 14 ರಂದು ಕಾರ್ಮಿಕ ಸಚಿವಾಲಯ ಕೊಟ್ಟ ಉತ್ತರದ ತಿರುಳು ಇಷ್ಟು: ಅಂಥ ದತ್ತಾಂಶ ಇಟ್ಟಿಲ್ಲ; ಹಾಗಾಗಿ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ. ಅದೇ ದಿನಗಳಲ್ಲಿ ಊರಿಗೆ ಮರಳಿದವರು 1.04 ಕೋಟಿಗೂ ಹೆಚ್ಚು ಎಂಬ ಲೆಕ್ಕ ಅದೇ ಸಚಿವಾಲಯದ ಬಳಿ ಇತ್ತು. ಮರಳಿದವರ ಎಣಿಕೆ ಇದೆ, ದಾರಿಯಲ್ಲಿ ಸತ್ತವರದ್ದು ಇಲ್ಲ. ಆ ಉತ್ತರ ದೇಶದಾದ್ಯಂತ ಸಿಟ್ಟೆಬ್ಬಿಸಿತು. ನನಗೂ ಅದನ್ನು ಇವತ್ತು ಓದಿದರೆ ಮನಸ್ಸು ಕುದಿಯುತ್ತದೆ.

ಆದರೆ ಅದೇ ವಾರ ರಾಜ್ಯಸಭೆಯಲ್ಲಿ ಏನಾಯಿತು ನೋಡಿ. ತೃಣಮೂಲ ಕಾಂಗ್ರೆಸ್ ಸದಸ್ಯ ಡೆರೆಕ್ ಓಬ್ರಿಯಾನ್ ಅವರ ಪ್ರಶ್ನೆ ರೈಲ್ವೆ ಸಚಿವಾಲಯಕ್ಕೆ ಹೋಗಿತ್ತು. ವಲಸೆ ಕಾರ್ಮಿಕರಿಗೆಂದೇ ಓಡಿಸಿದ ಶ್ರಮಿಕ್ ವಿಶೇಷ ರೈಲುಗಳಲ್ಲಿ ಪ್ರಯಾಣಿಸುವಾಗ ಸೆಪ್ಟೆಂಬರ್ 9ರ ತನಕ 97 ಮಂದಿ ಸತ್ತ ವರದಿ ಇದೆ ಅಂತ ರೈಲ್ವೆ ಸಚಿವ ಪೀಯೂಷ್ ಗೋಯಲ್ ಲಿಖಿತ ಉತ್ತರ ಕೊಟ್ಟರು. ಅವುಗಳಲ್ಲಿ 87 ಶವಗಳನ್ನು ರಾಜ್ಯಗಳ ಪೊಲೀಸರು ಮರಣೋತ್ತರ ಪರೀಕ್ಷೆಗೆ ಕಳಿಸಿದ್ದರು, 51 ವರದಿಗಳು ಕೈಸೇರಿದ್ದವು ಎಂಬ ವಿವರವೂ ಅದರಲ್ಲಿತ್ತು. ಒಂದೇ ಸರ್ಕಾರ, ಒಂದೇ ವಾರ. ಒಂದು ಸಚಿವಾಲಯಕ್ಕೆ ‘ವಲಸೆ ಕಾರ್ಮಿಕರ ಸಾವು’ ಎಂಬ ಲೆಕ್ಕವೇ ಇರಲಿಲ್ಲ. ಇನ್ನೊಂದಕ್ಕೆ ‘ಈ ರೈಲುಗಳಲ್ಲಿ ಆದ ಸಾವು’ ಎಂಬ ಲೆಕ್ಕ ಇತ್ತು, ಯಾಕೆಂದರೆ ರೈಲಿನಲ್ಲಿ ಆಗುವ ಸಾವಿಗೆ ಪೊಲೀಸ್ ದಾಖಲೆ ಹುಟ್ಟುತ್ತದೆ. ಮಾಹಿತಿ ಯಾರ ಕಡತದಲ್ಲಿ ಹುಟ್ಟುತ್ತದೆ ಅಂತ ತಿಳಿದು, ಅಲ್ಲಿಗೇ ಪ್ರಶ್ನೆ ಕಳಿಸಿದವರಿಗೆ ಸಂಖ್ಯೆ ಸಿಕ್ಕಿತು. ಕಾಲ್ನಡಿಗೆಯಲ್ಲಿ, ಲಾರಿಗಳಲ್ಲಿ ಹೋಗಿ ಸತ್ತವರು ಆ 97 ರಲ್ಲಿ ಸೇರಿಲ್ಲ ಎನ್ನುವುದನ್ನೂ ನೆನಪಿಡಬೇಕು.

ಉತ್ತರವನ್ನು ಓದುವುದೂ ಒಂದು ಕಸುಬೇ. 2021ರ ಜುಲೈ 20 ರಂದು ಆರೋಗ್ಯ ಖಾತೆ ರಾಜ್ಯ ಸಚಿವೆ ರಾಜ್ಯಸಭೆಗೆ ಕೊಟ್ಟ ಲಿಖಿತ ಉತ್ತರವನ್ನು ನೀವು ಮರೆತಿರಲಾರಿರಿ. ಆಮ್ಲಜನಕದ ಕೊರತೆಯಿಂದ ಯಾರೂ ಸಾಯಲಿಲ್ಲ ಅಂತ ಸರ್ಕಾರ ಹೇಳಿದೆ ಎಂದು ಸುದ್ದಿಯಾಯಿತು. ಉತ್ತರದಲ್ಲಿದ್ದ ಮಾತು ಬೇರೆ. ಆರೋಗ್ಯ ರಾಜ್ಯಗಳ ವಿಷಯ, ಸಾವುಗಳನ್ನು ರಾಜ್ಯಗಳು ವರದಿ ಮಾಡುತ್ತವೆ, ಆಮ್ಲಜನಕದ ಕೊರತೆಯಿಂದಲೇ ಆದ ಸಾವು ಎಂದು ನಿರ್ದಿಷ್ಟವಾಗಿ ರಾಜ್ಯಗಳು ವರದಿ ಮಾಡಿಲ್ಲ ಎನ್ನುವುದು ಅದರ ಅರ್ಥ. ‘ನಿರ್ದಿಷ್ಟವಾಗಿ ವರದಿಯಾಗಿಲ್ಲ’ ಎನ್ನುವುದಕ್ಕೂ ‘ಆಗಿಲ್ಲ’ ಎನ್ನುವುದಕ್ಕೂ ಅಂತರ ದೊಡ್ಡದು. ಚುರುಕಾದ ಸದಸ್ಯರು ಇಲ್ಲಿ ಕೂಗಾಡಿ ಸುಮ್ಮನಾಗುವುದಿಲ್ಲ. ಹಾಗೆ ವರದಿ ಮಾಡಿ ಅಂತ ಕೇಂದ್ರ ಎಂದಾದರೂ ರಾಜ್ಯಗಳನ್ನು ಕೇಳಿತ್ತೇ? ಕೇಳಿದ್ದರೆ ಪತ್ರದ ದಿನಾಂಕ ಏನು? ವರದಿಯ ನಮೂನೆಯಲ್ಲಿ ಅದಕ್ಕೊಂದು ಕಾಲಂ ಇತ್ತೇ? ಮುಂದಿನ ಪ್ರಶ್ನೆ ಅಲ್ಲಿಂದ ಹುಟ್ಟಬೇಕು.

ಇಂಥ ಜಾರಿಕೊಳ್ಳುವ ಮಾತುಗಳಿಗೆ ಸದನದಲ್ಲಿ ಒಂದು ಮದ್ದೂ ಇದೆ. ಅದರ ಬಗ್ಗೆ ಹೆಚ್ಚು ಜನರಿಗೆ ಗೊತ್ತಿಲ್ಲ. ಲೋಕಸಭೆಯಲ್ಲಿ ಉತ್ತರದ ದಿನ ಗೊತ್ತಾಗಿರುತ್ತದೆ, ಅದನ್ನು ಮುಂದೆ ಹಾಕಲು ಇಲಾಖೆಗೆ ಸುಲಭವಿಲ್ಲ. ಹಾಗಾಗಿ ಸಮಯ ಬೇಕಾದಾಗ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮೇಜಿನ ಮೇಲೆ ಇಡಲಾಗುವುದು’ ಅಥವಾ ‘ವಿಷಯ ಪರಿಶೀಲನೆಯಲ್ಲಿದೆ’ ಅಂತ ಬರೆಯುತ್ತಾರೆ. ಓದುವವರಿಗೆ ಇದು ಬಾಗಿಲು ಮುಚ್ಚಿದ ಹಾಗೆ ಕಾಣುತ್ತದೆ. ಆದರೆ 1953 ರಲ್ಲಿ ಲೋಕಸಭೆ ಸರ್ಕಾರಿ ಭರವಸೆಗಳ ಸಮಿತಿಯನ್ನು ಮಾಡಿದ್ದು ಇದಕ್ಕೇ. ಯಾವ ಯಾವ ಮಾತು ಬಂದರೆ ಅದು ಭರವಸೆ ಎನ್ನುವುದಕ್ಕೆ ಸಿದ್ಧ ಪಟ್ಟಿಯೇ ಇದೆ, ಈ ಮಾತುಗಳೂ ಅದರಲ್ಲಿವೆ. ಭರವಸೆ ಎಂದು ದಾಖಲಾದ ಮೇಲೆ ಮೂರು ತಿಂಗಳೊಳಗೆ ಈಡೇರಿಸಬೇಕು. ಆಗದಿದ್ದರೆ ಸಮಿತಿಯಿಂದ ಹೆಚ್ಚಿನ ಸಮಯ ಕೇಳಬೇಕು. ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳಬಹುದು. ಗಡುವು ಮೀರಿ ವರ್ಷಗಟ್ಟಲೆ ಬಾಕಿ ಉಳಿದ ಭರವಸೆಗಳಿವೆ, ನಿಜ. ಆದರೂ ಅವು ಪಟ್ಟಿಯಲ್ಲಿ ಉಳಿದಿರುತ್ತವೆ, ಸಚಿವರು ಬದಲಾದರೂ ಅಳಿಸಿಹೋಗುವುದಿಲ್ಲ.

ಉತ್ತರ ತೃಪ್ತಿ ಕೊಡದಿದ್ದರೆ ಅರ್ಧ ಗಂಟೆ ಚರ್ಚೆಗೆ ನೋಟಿಸ್ ಕೊಡಬಹುದು. ಲೋಕಸಭೆಯ ನಿಯಮ 55 ರಲ್ಲಿ ಇದಕ್ಕೆ ಅವಕಾಶವಿದೆ. ಮೂಲ ಪ್ರಶ್ನೆ ಲಿಖಿತದ್ದಾದರೂ ಅಡ್ಡಿಯಿಲ್ಲ. ಅಲ್ಲಿಗೆ ಸಚಿವರು ಎದ್ದು ನಿಲ್ಲಲೇಬೇಕು. ಪ್ರಶ್ನೆಯಿಂದ ಶುರುವಾದದ್ದು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಮೂಂದ್ರಾ ಪ್ರಕರಣ ಸಾಕು. 1957 ರಲ್ಲಿ ಜೀವ ವಿಮಾ ನಿಗಮ ಹರಿದಾಸ್ ಮೂಂದ್ರಾ ಅವರ ಕಂಪನಿಗಳ ಷೇರು ಕೊಂಡದ್ದರ ಬಗ್ಗೆ ಸದನದಲ್ಲಿ ಪ್ರಶ್ನೆಗಳು ಬಂದವು. ಉತ್ತರಗಳಿಂದ ಸಮಾಧಾನವಾಗದ ಫಿರೋಜ್ ಗಾಂಧಿ ಡಿಸೆಂಬರಿನಲ್ಲಿ ಅಂಕಿಅಂಶ ಹಿಡಿದು ಮಾತಾಡಿದರು. ಅವರು ಆಡಳಿತ ಪಕ್ಷದವರೇ. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ನಡೆಯಿತು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಬೇರೆ ಸಂಸತ್ತುಗಳಲ್ಲೂ ಈ ಸಾಧನವೇ ಇದೆ, ಗಡುವು ಬೇರೆ. ಬ್ರಿಟನ್ನಿನ ಕಾಮನ್ಸ್ ಸಭೆ 1902 ರಲ್ಲಿ ಲಿಖಿತ ಉತ್ತರದ ಪದ್ಧತಿ ತಂದಿತು. ಅಲ್ಲಿ ಸದಸ್ಯರು ಉತ್ತರ ಬೇಕಾದ ದಿನವನ್ನೇ ನಮೂದಿಸಿ ಕೇಳಬಹುದು. ಕೆನಡಾದಲ್ಲಿ 45 ದಿನದೊಳಗೆ ಉತ್ತರ ಕೇಳುವ ಹಕ್ಕಿದೆ, ಬಾರದಿದ್ದರೆ ವಿಷಯ ಸಮಿತಿಗೆ ಹೋಗುತ್ತದೆ. ಜರ್ಮನಿಯಲ್ಲಿ ಸದಸ್ಯರೊಬ್ಬರು ತಿಂಗಳಿಗೆ ನಾಲ್ಕು ಲಿಖಿತ ಪ್ರಶ್ನೆ ಕೇಳಬಹುದು, ಒಂದು ವಾರದಲ್ಲಿ ಉತ್ತರ ಬರಬೇಕು.

ಉತ್ತರದಲ್ಲಿ ಸುಳ್ಳು ಹೇಳಿದರೆ ಏನಾಗುತ್ತದೆ ಎನ್ನುವುದಕ್ಕೂ ಬ್ರಿಟನ್ನಿನಲ್ಲೇ ಪಾಠವಿದೆ. ಇರಾಕಿಗೆ ರಕ್ಷಣಾ ಸಾಮಗ್ರಿ ಮಾರುವುದಕ್ಕೆ ಸರ್ಕಾರ 1985 ರಲ್ಲಿ ಮಾರ್ಗಸೂಚಿ ಪ್ರಕಟಿಸಿತ್ತು. ಇರಾನ್–ಇರಾಕ್ ಕದನ ನಿಂತ ಮೇಲೆ, 1988ರ ಕೊನೆಯಲ್ಲಿ, ಮೂವರು ಕಿರಿಯ ಸಚಿವರು ಅದನ್ನು ಒಳಗೊಳಗೇ ಸಡಿಲಿಸಿದರು. ಸದಸ್ಯರು ಕೇಳಿದಾಗ ಮಾತ್ರ ಮಾರ್ಗಸೂಚಿ ಬದಲಾಗಿಲ್ಲ ಎಂಬ ಉತ್ತರ ಹೋಗುತ್ತಲೇ ಇತ್ತು. 1992 ರಲ್ಲಿ, ಇರಾಕಿಗೆ ಯಂತ್ರೋಪಕರಣ ಮಾರಿದ್ದ ಮೇಟ್ರಿಕ್ಸ್ ಚರ್ಚಿಲ್ ಕಂಪನಿಯ ಅಧಿಕಾರಿಗಳ ಮೇಲಿನ ಮೊಕದ್ದಮೆ ಬಿದ್ದುಹೋದಾಗ ಸಂಗತಿ ಹೊರಬಿತ್ತು. ನ್ಯಾಯಾಧೀಶ ರಿಚರ್ಡ್ ಸ್ಕಾಟ್ ಅವರ ವರದಿ 1996ರ ಫೆಬ್ರುವರಿಯಲ್ಲಿ ಬಂತು. ಅವರು ಹಳೆಯ ಉತ್ತರಗಳನ್ನು ಒಳಗಿನ ಕಡತಗಳ ಪಕ್ಕದಲ್ಲಿಟ್ಟು ಒಂದೊಂದಾಗಿ ತಾಳೆ ನೋಡಿದ್ದರು. ಮರುವರ್ಷ ಮಾರ್ಚಿನಲ್ಲಿ ಕಾಮನ್ಸ್ ಸಭೆ ಒಂದು ನಿರ್ಣಯ ಮಾಡಿತು: ಸಚಿವರು ಸಂಸತ್ತಿಗೆ ಸರಿಯಾದ, ಸತ್ಯವಾದ ಮಾಹಿತಿ ಕೊಡಬೇಕು, ತಪ್ಪಾಗಿದ್ದರೆ ಆದಷ್ಟು ಬೇಗ ತಿದ್ದಬೇಕು, ಗೊತ್ತಿದ್ದೂ ದಾರಿ ತಪ್ಪಿಸಿದವರು ರಾಜೀನಾಮೆ ಕೊಡಬೇಕು. ಸದನದಲ್ಲಿ ಉತ್ತರಗಳು ಅಚ್ಚಾಗಿ ಉಳಿದಿರದಿದ್ದರೆ ಆ ತಾಳೆ ಸಾಧ್ಯವೇ ಆಗುತ್ತಿರಲಿಲ್ಲ ಅಲ್ವಾ?

ದುರ್ಬಳಕೆಯೂ ಇದೆ, ಮುಚ್ಚಿಡುವುದಿಲ್ಲ. ಪ್ರಶ್ನೆಗೆ ಬೆಲೆಯಿದೆ ಎಂದ ಮೇಲೆ ಅದನ್ನು ಕೊಳ್ಳುವವರೂ ಹುಟ್ಟುತ್ತಾರೆ. 2005ರ ಡಿಸೆಂಬರಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದದ್ದು ರಹಸ್ಯ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದು, ಲೋಕಸಭೆಯ 10 ಮತ್ತು ರಾಜ್ಯಸಭೆಯ ಒಬ್ಬ ಸದಸ್ಯರು ಉಚ್ಚಾಟನೆಯಾದರು. 2007 ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದಕ್ಕಿಂತ ದಿನನಿತ್ಯದ ತೊಂದರೆ ಇನ್ನೊಂದು. ಉತ್ತರ ಕೇಳಿದ್ದಕ್ಕೆ ಬರದೆ, ಯೋಜನೆಯ ಹೊಗಳಿಕೆಯಾಗಿ ಎರಡು ಪುಟ ತುಂಬಿರುತ್ತದೆ. ಕೇಳಿದ ಸಂಖ್ಯೆ ಮಾತ್ರ ಇರುವುದಿಲ್ಲ. ಉಪಪ್ರಶ್ನೆಗೆ ಅವಕಾಶ ಇಲ್ಲದಿರುವುದು ಲಿಖಿತ ಪ್ರಶ್ನೆಯ ದೊಡ್ಡ ಕೊರತೆ. ಅದಕ್ಕೇ ಒಬ್ಬರೇ ಸದಸ್ಯರು ಒಂದೇ ವಿಷಯವನ್ನು ಮೂರು ನಾಲ್ಕು ಅಧಿವೇಶನ ಬಿಡದೆ ಹಿಂಬಾಲಿಸುವುದಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ. ಒಮ್ಮೆ ‘2,000 ಕಾಮಗಾರಿ ಪ್ರಗತಿಯಲ್ಲಿವೆ’ ಎಂಬ ಉತ್ತರ ಬಂತು ಅಂದುಕೊಳ್ಳಿ. ಮುಂದಿನ ಅಧಿವೇಶನದಲ್ಲಿ ಆ ಉತ್ತರದ ಸಂಖ್ಯೆ, ದಿನಾಂಕ ಹಾಕಿ, ‘ಅವುಗಳಲ್ಲಿ ಮುಗಿದವೆಷ್ಟು?’ ಅಂತ ಕೇಳಿದರೆ ಹೊಗಳಿಕೆಯಿಂದ ಪುಟ ತುಂಬಿಸುವುದು ಕಷ್ಟ.

ನೀವು ಸುಮ್ನೆ ನೋಡುತ್ತಾ ಕೂರಬೇಕಿಲ್ಲ. ಎರಡೂ ಸದನಗಳ ಪ್ರಶ್ನೋತ್ತರಗಳು ಸಂಸತ್ತಿನ ಜಾಲತಾಣದಲ್ಲಿ ಸಚಿವಾಲಯವಾರು, ಸದಸ್ಯವಾರು ಸಿಗುತ್ತವೆ. ನಿಮ್ಮ ಸಂಸದರು ಏನು ಕೇಳಿದ್ದಾರೆ ಅಂತ ಮೊದಲು ಅಲ್ಲಿ ನೋಡಿ. ಉತ್ತರ ಅರ್ಧಂಬರ್ಧ ಇದ್ದರೆ, ಅದೇ ಉತ್ತರವನ್ನು ಉಲ್ಲೇಖಿಸಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಸಂಸತ್ತಿಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಮಾತು 2005 ರಲ್ಲಿ ಆ ಕಾಯ್ದೆ ಬಂದಾಗ ಅದರ 8ನೇ ಸೆಕ್ಷನ್ನಿನಲ್ಲೇ ಇತ್ತು. ಪ್ರಶ್ನೆಯ ಕರಡನ್ನು ನೀವೇ ಬರೆದು ಸಂಸದರಿಗೆ ಕೊಡುವುದಕ್ಕೂ ಯಾವ ಅಡ್ಡಿ ಇಲ್ಲ. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಕೊಡಿ, ಯಾಕೆಂದರೆ ನೋಟಿಸಿನ 15 ದಿನ ಬೇಗ ಮುಗಿದುಹೋಗುತ್ತವೆ. ಯಾವ ಸಚಿವಾಲಯದ ಸರದಿ ಯಾವ ದಿನ ಎನ್ನುವುದನ್ನೂ ನೋಡಿಕೊಳ್ಳಿ. ಪ್ರಶ್ನೆ ತಪ್ಪು ಸಚಿವಾಲಯಕ್ಕೆ ಹೋದರೆ ಅಲ್ಲಿಂದ ಇನ್ನೊಂದಕ್ಕೆ ವರ್ಗವಾಗುವಷ್ಟರಲ್ಲಿ ಅಧಿವೇಶನವೇ ಮುಗಿದಿರಬಹುದು. ಕರಡಿನಲ್ಲಿ ‘ಗಮನಕ್ಕೆ ಬಂದಿದೆಯೇ’ ಎಂಬ ಸಾಲಿದ್ದರೆ ಹೊಡೆದುಹಾಕಿ, ಆ ಜಾಗದಲ್ಲಿ ಒಂದು ದಿನಾಂಕವನ್ನೋ ಸಂಖ್ಯೆಯನ್ನೋ ಕೇಳಿ.